ತಪ್ಪು ತಿದ್ದುವ ರ‍್ಯಾಮ್

ಸ್ಕ್ರೂಡ್ರೈವರಿನ ತುದಿಗೆ ಅಂಟಿಕೊಂಡು ಒಂದು ಪುಟ್ಟ ಸ್ಕ್ರೂ ಗಾಳಿಯಲ್ಲಿ ತೇಲಿಬಂತು, ಬಿದ್ದೀತು, ಈಗ ಬಿದ್ದೀತು ಎಂದು ಇವಳು ಉಸಿರು ಬಿಗಿಹಿಡಿದು ಕೂತಿದ್ದರೆ ಅಂಗಡಿಯವಳ ಮಣಿಕಟ್ಟು ಒಂಚೂರೂ ಅಲುಗಲಿಲ್ಲ, ಸ್ಕ್ರೂ ತನ್ನ ತೂತಿನಲ್ಲಿ ಹೋಗಿ ಕೂತಿತು, ಎರಡು ಸುತ್ತು, ಆಯಿತು — ಎಷ್ಟು ಸಲೀಸು, ಈಕೆಯ ಕೈಯಲ್ಲಿ ಏನೂ ತಪ್ಪುವುದೇ ಇಲ್ಲವೇನೋ, ವಯಸ್ಸೆಷ್ಟಿದ್ದೀತು, ಮೂವತ್ತೈದು, ಮೂವತ್ತೈದರಲ್ಲಿ ತನ್ನ ಕೈಯೂ ಹೀಗೇ ಇತ್ತು, ಈಗ ಐವತ್ತೆರಡು, ಐವತ್ತೆರಡೇನು ಮಹಾ ವಯಸ್ಸಲ್ಲ, ಕೈಯದೇನೂ ತಕರಾರಿಲ್ಲ, ತಕರಾರಿರುವುದು ಮೆಷಿನ್ನಿನದು, ಏಳು ವರ್ಷದ ಮೆಷಿನ್ನು, ಅದಕ್ಕೇ ಅಲ್ಲವೇ ಇಲ್ಲಿ ಬಂದು ಕೂತಿರುವುದು. ಸ್ಟೂಲಿನ ಒಂದು ಕಾಲು ಗಿಡ್ಡ. ಕೂತಲ್ಲೇ ಕಟಕಟ ಅನ್ನುತ್ತದೆ. ಅಂಗಡಿಯವಳು ತಲೆಯೆತ್ತದೆ ಕೇಳುತ್ತಿದ್ದಾಳೆ, ನಿಮ್ಮ ಲೆಕ್ಕದ ಸಾಫ್ಟ್‌ವೇರು ಎಲ್ಲ ಕೋರುಗಳನ್ನೂ ಬಳಸುತ್ತಾ ಮೇಡಂ, ಇಲ್ಲ ಒಂದೆರಡರ ಮೇಲೇ ಸವಾರಿ ಮಾಡುತ್ತಾ, ಯಾಕಂದ್ರೆ ಕೋರು ಜಾಸ್ತಿ ಇರೋ ಪ್ರೊಸೆಸರ್ ಅಂತ ಎಲ್ಲರೂ ಆಸೆ ಪಡ್ತಾರೆ, ಆಮೇಲೆ ಅದರಲ್ಲಿ ಮುಕ್ಕಾಲು ಪಾಲು ಸುಮ್ಮನೆ ಕೂತು ಆಕಳಿಸುತ್ತೆ. ಆಕಳಿಸುವ ಕೋರು — ನಗು ಬರಬೇಕಿತ್ತು, ಇವಳು ನಕ್ಕಳು ಕೂಡ, ಅರ್ಧ ಸೆಕೆಂಡು ತಡವಾಗಿ. ಬಳಸುತ್ತೆ, ಎಲ್ಲ ಬಳಸುತ್ತೆ, ಇಡೀ ಕಟ್ಟಡವನ್ನು ಲಕ್ಷ ಚೂರು ಮಾಡಿ ಒಂದೊಂದು ಚೂರೂ ಎಷ್ಟು ಬಾಗುತ್ತೆ ಅಂತ ನೋಡಬೇಕಲ್ಲ, ಅಂದಳು, ಹಾಗೆ ಅನ್ನುವಾಗ ದನಿ ತನ್ನದೇ ಇತ್ತು, ಗಟ್ಟಿ ಇತ್ತು, ಸೈಟುಗಳಲ್ಲಿ ಎಲ್ಲರೂ ಇಂಜಿನಿಯರಮ್ಮ ಎಂದು ದಾರಿ ಬಿಡುವ ದನಿ, ಆದರೆ ಬಾಗುತ್ತೆ ಎಂಬ ಮಾತು ಬಾಯಿಂದ ಹೊರಬಿದ್ದದ್ದೇ ಅಂಕಿಗಳು ತಲೆಯೆತ್ತಿದವು, ಹನ್ನೊಂದು, ಇಪ್ಪತ್ತೇಳು, ಬೇಡ, ಆ ಅಂಕಿಗಳು ಈಗ ಬೇಡ. ಗ್ರಾಫಿಕ್ಸ್ ಕಾರ್ಡು, ಅದರ ಬಗ್ಗೆ ಯೋಚಿಸಬೇಕು, ಇಟ್ಟಿಗೆಯಷ್ಟು ದಪ್ಪದ ಕಾರ್ಡು ಗಾಜಿನ ಕಪಾಟಿನಲ್ಲಿದೆ, ಮೂರು ಫ್ಯಾನು, ಚಿತ್ರ ತಿರುಗಿಸಿ ನೋಡೋದಕ್ಕೆ ಬೇಕಾದ್ರೆ ಸಣ್ಣದೇ ಸಾಕು ಮೇಡಂ, ದೊಡ್ಡದು ಆಟ ಆಡೋ ಮಕ್ಕಳಿಗೆ. ಸರಿ, ಸಣ್ಣದೇ ಇರಲಿ. ರ‍್ಯಾಮಿನ ವಿಷಯ ಹೇಳಿದ್ದೆನಲ್ಲ, ತಪ್ಪು ತಿದ್ದಿಕೊಳ್ಳುವಂಥದು, ಅದಂತೂ ಬೇಕೇ ಬೇಕು, ಅಂದಳು ಇವಳು, ಬೆಳಗಿನಿಂದ ನಾಲ್ಕನೇ ಸಲವೋ ಐದನೇ ಸಲವೋ, ಅಂಗಡಿಯವಳು ಈಗ ಮಾತ್ರ ತಲೆಯೆತ್ತಿ ನೋಡಿದಳು.

ಅದು ಎಂಥ ರ‍್ಯಾಮು ಅಂದರೆ, ಒಳಗೆ ಎಲ್ಲೋ ಒಂದು ಸೊನ್ನೆ ತಾನಾಗಿಯೇ ಒಂದಾಗಿಬಿಟ್ಟರೆ, ಒಂದು ಸೊನ್ನೆಯಾಗಿಬಿಟ್ಟರೆ, ತಾನೇ ಹಿಡಿದು ತಾನೇ ಸರಿಮಾಡಿಕೊಳ್ಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ — ಎರಡು ದಿನದಿಂದ ಅದನ್ನೇ ಓದಿದ್ದಾಳೆ, ಬಡಿಸಿಕೊಂಡ ಅನ್ನ ಆರಿಹೋಗುವವರೆಗೂ ಓದಿದ್ದಾಳೆ, ಗಂಡ ಏನೋ ಕೇಳಿದ್ದಕ್ಕೆ ಹೂಂ ಅಂದು ಓದಿದ್ದಾಳೆ, ಸೂರ್ಯನ ಕಡೆಯಿಂದ ಬಂದ ಕಣವೊಂದು ತಾಗಿದರೂ ಸಾಕಂತೆ ಒಂದಂಕಿ ಉಲ್ಟಾ ಆಗಲು, ಯಾರದೂ ತಪ್ಪಲ್ಲ, ಆಕಾಶದಿಂದ ಬಂದದ್ದಕ್ಕೆ ಯಾರೇನು ಮಾಡಲಾದೀತು. ನಿನ್ನೆ ಬೆಳಿಗ್ಗೆ ಭಾವನಿಗೂ ಹಾಗೇ ಹೇಳಿದ್ದು. ಭಾವ ಅಂದರೆ ಅಕ್ಕನ ಗಂಡ, ಆಫೀಸಿನ ಇನ್ನೊಂದು ಮೇಜು ಅವರದು, ಬಾಗಿಲ ಮೇಲಿನ ಫಲಕದಲ್ಲಿ ಇಬ್ಬರ ಹೆಸರೂ ಇದೆ, ಕೆಲಸ ತರುವವರು ಅವರು, ಲೆಕ್ಕ ಮಾಡುವವಳು ಇವಳು, ಇಪ್ಪತ್ತು ವರ್ಷದಿಂದ ಹಾಗೇ. ಮೆಷಿನ್ನು ಒಂದು ಅಂಕಿ ತಪ್ಪು ಕೊಟ್ಟಿದೆ ಭಾವ, ಅಂದಿದ್ದಳು. ಯಾವ ಕೆಲಸದ್ದು, ಅಂದಿದ್ದರು ಪೇಪರಿನಿಂದ ಕಣ್ಣು ತೆಗೆಯದೆ. ಸಣ್ಣದು, ನೋಡ್ತಿದ್ದೀನಿ. ಹಾಗಾದ್ರೆ ಹೊಸದು ತಗೊಂಬಿಡು, ಇದನ್ನ ಎಷ್ಟು ದಿನ ಅಂತ ಬಡಿದು ಎಬ್ಬಿಸ್ತೀಯ. ಅಷ್ಟೇ ಆದದ್ದು ಮಾತು. ಸಣ್ಣದು ಅಂದಳಲ್ಲ, ಸಣ್ಣದೇ, ಸಾರ್ವಜನಿಕ ಗ್ರಂಥಾಲಯ, ಹೊಸ ಕಟ್ಟಡ, ಮೇಲಿನ ಮಹಡಿಯಲ್ಲಿ ಕೂತು ಓದಲಿಕ್ಕೊಂದು ಬಾಲ್ಕನಿ, ಕೆಳಗೆ ಕಂಬವಿಲ್ಲದೆ ಗೋಡೆಯಿಂದ ಮೂರು ಮೀಟರು ಹೊರಕ್ಕೆ ಚಾಚಿಕೊಂಡಿದೆ, ಅದರ ತುದಿ ತುಂಬಿದ ಭಾರಕ್ಕೆ ಎಷ್ಟು ತಗ್ಗುತ್ತದೆ ಎನ್ನುವುದೊಂದು ಅಂಕಿ. ಮೂರು ವಾರದ ಹಿಂದೆ ಹನ್ನೊಂದು ಮಿಲಿಮೀಟರು ಎಂದು ಬಂದಿತ್ತು, ಇಪ್ಪತ್ತರವರೆಗೆ ಅಡ್ಡಿಯಿಲ್ಲ, ಸಹಿ ಹಾಕಿ ನಕ್ಷೆ ಕಳಿಸಿದ್ದಾಯಿತು, ಕಬ್ಬಿಣ ಕಟ್ಟಿದ್ದೂ ಆಯಿತು. ಮೊನ್ನೆ ಕಟಕಟೆಯ ವಿನ್ಯಾಸ ಒಂದಿಷ್ಟು ಬದಲಾಯಿತೆಂದು ಅದೇ ಫೈಲನ್ನು ಮತ್ತೆ ಓಡಿಸಿದರೆ ಇಪ್ಪತ್ತೇಳು. ಕಟಕಟೆ ಬದಲಾದರೆ ಅರ್ಧ ಮಿಲಿಮೀಟರು ಏರಬಹುದು. ಹದಿನಾರು ಏರುತ್ತದೆಯೇ. ಮತ್ತೆ ಓಡಿಸಿದಳು, ಇಪ್ಪತ್ತೇಳು, ಮೂರನೇ ಸಲ ಓಡಿಸುವಾಗ ಮೆಷಿನ್ನು ತಟಕ್ಕನೆ ಆರಿ ಕಪ್ಪಾಗಿ ಕೂತಿತು, ಆಗ ಅವಳಿಗೆ ಎಂಥ ಸಮಾಧಾನ, ಅದನ್ನು ನೆನೆದರೆ ಈಗಲೂ ನಾಚಿಕೆ, ಅಗೋ ನೋಡು, ಕೆಟ್ಟಿದೆ, ಹುಚ್ಚು ಹಿಡಿದಿದೆ ಇದಕ್ಕೆ, ತಲೆಬುಡವಿಲ್ಲದ ಅಂಕಿ ಕೊಡುತ್ತಿದೆ. ಯಾವ ಅಂಕಿ ತಲೆಬುಡವಿಲ್ಲದ್ದು, ಮೊದಲನೆಯದೋ ಎರಡನೆಯದೋ, ಅದನ್ನು ಅವಳು ಕೇಳಿಕೊಳ್ಳಲಿಲ್ಲ. ಹೊಸ ಮೆಷಿನ್ನು ಬರಲಿ, ಒಂದು ದಿನದಲ್ಲಿ ಓಡಿಸಿ ನೋಡಿದರಾಯಿತು, ಕಾಂಕ್ರೀಟು ಹಾಕುವುದು ನಾಳಿದ್ದು ತಾನೇ, ಸಮಯವಿದೆ, ಸುಮ್ಮಸುಮ್ಮನೆ ಊರೆಲ್ಲ ಡಂಗುರ ಸಾರುವುದು ಯಾಕೆ, ಕೈಯಲ್ಲಿ ಹೊಸ ಮೆಷಿನ್ನಿನ ಉತ್ತರ ಹಿಡಿದುಕೊಂಡು ಹೋಗಿ ಹೇಳಿದರೆ ಹೇಳುವುದಕ್ಕೂ ಒಂದು ಮುಖವಿರುತ್ತದೆ.

ಮೇಡಂ, ಆ ರ‍್ಯಾಮ್ ಬೇಕು ಅಂದ್ರೆ ಬೋರ್ಡೇ ಬೇರೆ, ನೀವು ಮೊದಲು ಇಷ್ಟಪಟ್ಟ ಪ್ರೊಸೆಸರನ್ನೂ ಬಿಡಬೇಕಾಗುತ್ತೆ, ವೇಗ ಸ್ವಲ್ಪ ಕಡಿಮೆ, ಅಂತ ಅಂಗಡಿಯವಳು ಎರಡು ಪಟ್ಟಿ ಬರೆದು ಮುಂದಿಟ್ಟಳು, ಎಡಗಡೆ ವೇಗದ್ದು, ಬಲಗಡೆ ತಪ್ಪು ತಿದ್ದುವುದು, ನಡುವೆ ಒಂದು ಗೆರೆ. ಬಲಗಡೆಯದು, ಅಂದಳು ಇವಳು ಓದದೇ. ಅಂಗಡಿಯವಳು ಪೆನ್ನು ಕಚ್ಚಿಕೊಂಡಳು. ಅಲ್ಲ, ನಾನು ಮಾರೋಳು, ಬೇಕಂದಿದ್ದನ್ನ ಕೊಡ್ತೀನಿ, ಆದರೆ ನೀವು ನಿನ್ನೆ ಮಧ್ಯಾಹ್ನ ಬಿಟ್ಟು ಹೋದ ಹಳೇ ಮೆಷಿನ್ನನ್ನ ನೋಡಿದೆ, ಅದರ ರ‍್ಯಾಮುಗಳನ್ನ ಬಿಚ್ಚಿ ನನ್ನ ಬೆಂಚಿನ ಮೇಲೆ ಪರೀಕ್ಷೆಗೆ ಹಾಕಿದ್ದೆ, ಹದಿನೆಂಟು ಗಂಟೆ ಓಡಿದೆ, ಬನ್ನಿ ತೋರಿಸ್ತೀನಿ. ಒಳಕೋಣೆ ಬೆಚ್ಚಗಿತ್ತು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಗೋಡೆಗೆ ಒರಗಿಸಿದ ಖಾಲಿ ಡಬ್ಬಗಳು, ಮೇಜಿನ ಮೇಲೆ ಇವಳ ಮೆಷಿನ್ನು ಪಕ್ಕೆ ತೆರೆದುಕೊಂಡು ಮಲಗಿತ್ತು, ಏಳು ವರ್ಷ ಕಾಲ ಬುಡದಲ್ಲಿದ್ದದ್ದು, ಚಳಿಗಾಲದಲ್ಲಿ ಅದರ ಬಿಸಿಗಾಳಿಗೆ ಪಾದ ಒಡ್ಡಿ ಕೂರುತ್ತಿದ್ದದ್ದು, ಅದರ ಹೊಟ್ಟೆ ಹೀಗೆ ನೋಡಬಾರದಿತ್ತು ಅನ್ನಿಸಿತು. ಪರದೆಯ ಮೇಲೆ ಒಂದೇ ಸಾಲು ಮತ್ತೆ ಮತ್ತೆ ಹೊಸದಾಗುತ್ತಿತ್ತು, ಸುತ್ತು ಹದಿನೇಳು ಮುಗಿದಿದೆ, ತಪ್ಪುಗಳು ಸೊನ್ನೆ. ಸೊನ್ನೆ ಅಂದರೆ — ಸೊನ್ನೆ ಅಂದ್ರೆ ಸೊನ್ನೆ ಮೇಡಂ, ಕಲ್ಲಿನ ಹಾಗಿವೆ ನಿಮ್ಮ ರ‍್ಯಾಮು. ಮತ್ತೆ ಆರಿಹೋಗುತ್ತಿತ್ತಲ್ಲ. ಅಂಗಡಿಯವಳು ಒಂದು ಹಳೆ ತಟ್ಟೆ ಮುಂದೆ ತಳ್ಳಿದಳು, ಅದರಲ್ಲಿ ಮುಷ್ಟಿಗಾತ್ರದ ಬೂದು ಉಂಡೆ, ಧೂಳು, ಕೂದಲು, ಸ್ವೆಟರಿನ ನೂಲು. ಪ್ರೊಸೆಸರ್ ಮೇಲೆ ಇದು ಕಂಬಳಿ ಹೊದಿಸಿತ್ತು, ಬಿಸಿ ತಾಳದೆ ಆರಿಹೋಗ್ತಿತ್ತು ಪಾಪ, ಬೇರೇನಿಲ್ಲ, ನೀವು ಹಿಂಡಿದ್ದು ಕಮ್ಮಿಯೇನಲ್ಲ ಅದನ್ನ. ಆದರೆ ಒಂದೇ ಒಂದು ಸಲ ತಪ್ಪಿರಬಹುದಲ್ಲ, ಅಂದಳು ಇವಳು, ದನಿ ಸಣ್ಣದಾಗಿತ್ತು, ಯಾರನ್ನೋ ಬೇಡುವವಳ ದನಿ, ಮೂರು ವಾರದ ಹಿಂದೆ ಒಂದೇ ಒಂದು ಸಲ. ಅಂಗಡಿಯವಳು ಕೂಡಲೇ ಇಲ್ಲ ಅನ್ನಲಿಲ್ಲ, ಅದೇ ಕಷ್ಟವಾದದ್ದು, ಯೋಚಿಸಿದಳು, ಕೆನ್ನೆ ಕೆರೆದುಕೊಂಡಳು. ಆಗಬಹುದು. ಆದರೆ ಹಾಗೆ ತಪ್ಪಿದ್ರೆ ಅಡ್ಡಾದಿಡ್ಡಿ ತಪ್ಪುತ್ತೆ ಮೇಡಂ, ಒಂದು ಕಡೆ ಕೋಟಿ ಬರುತ್ತೆ, ಒಂದು ಕಡೆ ಏನೂ ಇರಲ್ಲ, ಇಲ್ಲ ಓಡ್ತಾ ಓಡ್ತಾನೇ ಬಿದ್ದುಹೋಗುತ್ತೆ. ನಿಮಗೆ ಬಂದ ಅಂಕಿ ಹೇಗಿತ್ತು.

ಹೇಗಿತ್ತು. ನೀಟಾಗಿತ್ತು. ತುದಿಯಲ್ಲಿ ಹನ್ನೊಂದು, ನಡುವೆ ನಾಲ್ಕು, ಬುಡದಲ್ಲಿ ಸೊನ್ನೆ, ಒಂದಕ್ಕೊಂದು ಒಪ್ಪುವ ಅಂಕಿಗಳು, ಬಾಗಿದ ಗೆರೆಯೂ ಚೆಂದವಿತ್ತು, ಹುಬ್ಬಿನ ಹಾಗೆ, ಹುಚ್ಚು ಹಿಡಿದ ಮೆಷಿನ್ನು ಅಂಥ ಗೆರೆ ಎಳೆಯುವುದಿಲ್ಲ, ಅದು ಇವಳಿಗೆ ಮೊನ್ನೆಯೇ ಗೊತ್ತಿತ್ತು, ಗೊತ್ತಿದ್ದದ್ದನ್ನು ಎರಡು ದಿನ ಮಡಚಿ ಮಡಚಿ ಎಲ್ಲೋ ತುರುಕಿದ್ದಳು, ಪ್ರೊಸೆಸರಿನ ಕೆಳಗೆ, ಗ್ರಾಫಿಕ್ಸ್ ಕಾರ್ಡಿನ ಹಿಂದೆ. ಅಮ್ಮ ಲೆಕ್ಕದ ಟೀಚರು, ಅಮ್ಮನಿಗೆ ಮಾತು ಕಡಿಮೆ, ತಪ್ಪಿದ ಲೆಕ್ಕದ ಪುಸ್ತಕವನ್ನು ಮುಂದಿಟ್ಟು ಬೆರಳನ್ನು ಮೇಲಿನ ಸಾಲಿನಿಂದ ನಿಧಾನ ಕೆಳಕ್ಕೆ ಎಳೆಯುವರು, ಬೆರಳು ಎಲ್ಲಿ ನಿಲ್ಲುತ್ತದೋ ಅಲ್ಲಿ ಇದೆ ತಪ್ಪು, ಬೈಗುಳವಿಲ್ಲ, ನಿಂತ ಬೆರಳು ಎತ್ತುವುದೂ ಇಲ್ಲ, ಅದಕ್ಕಿಂತ ಎರಡೇಟು ಕೊಟ್ಟಿದ್ದರೆ ವಾಸಿ ಅನ್ನಿಸುತ್ತಿತ್ತು — ಆ ಬೆರಳು ಈಗ ಇಳಿಯುತ್ತಿದೆ, ಮೂರು ವಾರ ಹಿಂದಿನ ಮಧ್ಯಾಹ್ನದ ಮೇಲೆ, ಮೇಲಿನಿಂದ ಕೆಳಕ್ಕೆ. ಬೆಳಿಗ್ಗೆ ಇಡೀ ಕಟ್ಟಡ ಓಡಿಸಿದಳು, ಜನ ನಡೆದಾಡಿದರೆ ಎಷ್ಟು ಅದುರುತ್ತದೆ ಎನ್ನುವುದೂ ಸೇರಿ ಒಂದೂವರೆ ಗಂಟೆ, ಕೊನೆಯಲ್ಲಿ ನೋಡಿದರೆ ಮೆಟ್ಟಿಲ ಹತ್ತಿರ ಒಂದು ತೊಲೆ ಸೇರಿಯೇ ಇಲ್ಲ, ಅಯ್ಯೋ ಮತ್ತೆ ಒಂದೂವರೆ ಗಂಟೆಯೇ, ಮೊದಲು ಬರೀ ಆಕಾರ ಸರಿಯಿದೆಯೇ ನೋಡೋಣ ಅಂತ ಭಾರಗಳ ಪಟ್ಟಿಗೆ ಹೋಗಿ, ಜನರ ಭಾರ ಎನ್ನುವ ಸಾಲಿನ ಗುರುತು ತೆಗೆದಳು, ಪುಸ್ತಕದ ಕಪಾಟುಗಳ ಭಾರ, ಅದರ ಗುರುತೂ ತೆಗೆದಳು, ಉಳಿದದ್ದು ಬಾಲ್ಕನಿಯ ಮೈಭಾರವೊಂದೇ, ಆರು ನಿಮಿಷದಲ್ಲಿ ಮುಗಿಯುವ ಕೆಲಸ. ಆಗ ಫೋನು. ಗಂಡ. ವಾಷಿಂಗ್ ಮೆಷಿನ್ನಿನ ಪೈಪು ಕಿತ್ತುಕೊಂಡಿದೆ, ಹಾಲೆಲ್ಲ ನೀರು, ಮುಚ್ಚುವ ನಲ್ಲಿ ಎಲ್ಲಿದೆ. ಸಿಂಕಿನ ಕೆಳಗೆ. ಸಿಂಕಿನ ಕೆಳಗೆ ಎರಡಿವೆ. ಎಡಗಡೆಯದು. ನನ್ನ ಎಡಗಡೆನೋ ಸಿಂಕಿನ ಎಡಗಡೆನೋ. ಹದಿನೈದು ವರ್ಷ ಇದೇ ಮನೆಯಲ್ಲಿದ್ದೀರಿ, ಒಂದು ನಲ್ಲಿ ಗೊತ್ತಿಲ್ಲವಾ ಅಂತ ಇವಳು, ಪೈಪು ಸಡಿಲ ಇದೆ ಅಂತ ಹೋದ ತಿಂಗಳೇ ಹೇಳಿದ್ದೆ ಅಂತ ಅವನು, ಮಾತಿಗೆ ಮಾತು ಬೆಳೆದು, ಮೈದಾ ಚೀಲ ನೆನೆದುಹೋಯಿತು ಎನ್ನುವಲ್ಲಿಗೆ ಬಂದು, ಫೋನು ಕುಕ್ಕಿ ತಿರುಗಿದರೆ ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಲೆಕ್ಕ ಮುಗಿದಿದೆ ಎಂದು, ಚೆಂದದ ಹುಬ್ಬು, ಹನ್ನೊಂದು. ಪ್ರಿಂಟ್ ಒತ್ತಿದಳು. ಬೆರಳು ಅಲ್ಲಿ ನಿಂತಿತು. ಎತ್ತುವುದಿಲ್ಲ. ಮರುದಿನ ಬೇರೇನಕ್ಕೋ ಫೈಲು ತೆರೆದು ಎರಡೂ ಗುರುತು ಮತ್ತೆ ಹಾಕಿದ್ದಳು, ಅಭ್ಯಾಸಬಲ, ಹಾಕಿದ್ದು ನೆನಪೂ ಇರಲಿಲ್ಲ, ಅದಕ್ಕೇ ಮೊನ್ನೆ ಇಪ್ಪತ್ತೇಳು. ಇಪ್ಪತ್ತೇಳೇ ನಿಜ. ಜನ ಬಂದು ಕೂತರೆ ಇಪ್ಪತ್ತೇಳು, ತಗ್ಗುವುದಿರಲಿ, ಬುಡದಲ್ಲಿ ಮೇಲ್ಗಡೆ ಬೇಕಾದಷ್ಟು ಕಬ್ಬಿಣವೂ ಇಲ್ಲ, ಅರ್ಧ ಇದೆ, ಮೈಭಾರಕ್ಕೆ ಸಾಕಾಗುವಷ್ಟು, ಯಾರೂ ಕಾಲಿಡದ ಬಾಲ್ಕನಿಗೆ ಸಾಕಾಗುವಷ್ಟು.

ಕೂತ್ಕೊಳ್ಳಿ ಮೇಡಂ, ನೀರು ತರ್ಲಾ, ಅಂದಳು ಅಂಗಡಿಯವಳು, ತಾನು ಯಾವಾಗ ಮೇಜಿನಂಚು ಹಿಡಿದುಕೊಂಡಳೋ ಇವಳಿಗೆ ತಿಳಿಯದು. ಬೇಡ ಬೇಡ. ನಾಳಿದ್ದು ತಾನೇ, ಸಮಯವಿದೆ, ಈಗಲೇ ಹೇಳಿಬಿಡುವುದು, ಹೇಗೆ ಹೇಳುವುದು, ಹಳೇ ಮೆಷಿನ್ನು ನೋಡಿ, ಕೆಟ್ಟಿತ್ತು, ಅದಕ್ಕೇ ಹೊಸದು ತಗೊಂಡಿದ್ದೀನಿ ಎಂದರೆ ಯಾರು ಪ್ರಶ್ನೆ ಮಾಡುತ್ತಾರೆ, ಭಾವನೇ ಸಾಕ್ಷಿ, ಈ ಸೊನ್ನೆ ಕಂಡಿರುವವಳು ಈಕೆಯೊಬ್ಬಳು, ಈಕೆಗೂ ಸೈಟಿಗೂ ಏನು ಸಂಬಂಧ, ಬಲಗಡೆಯ ಪಟ್ಟಿಗೆ ಹೂಂ ಅಂದುಬಿಟ್ಟರೆ ಸಂಜೆಯೊಳಗೆ ಎಲ್ಲ ಮುಚ್ಚಿಹೋಗುತ್ತದೆ, ಯಾರಿಗೂ ಏನೂ ಆಗಲಿಲ್ಲವಲ್ಲ, ಕಬ್ಬಿಣ ಸೇರಿಸಿ ಕಟ್ಟಿದರಾಯಿತು, ಎರಡು ದಿನದ ಕೆಲಸ — ಕೈ ಚೀಲದೊಳಗೆ ಹೋಗಿ ಫೋನು ಹುಡುಕಿತು, ಬೆಳಗಿನಿಂದ ಅದರ ಬಾಯಿ ಮುಚ್ಚಿಸಿಟ್ಟಿದ್ದಳು, ಯಾರೂ ಏನೂ ಕೇಳದಿರಲೆಂದು. ಸೈಟಿನ ಸೂಪರ್‌ವೈಸರನ ಸಂದೇಶ, ಬೆಳಿಗ್ಗೆ ಎಂಟೂ ಹತ್ತಕ್ಕೆ ಬಂದದ್ದು. ನಾಳೆಯಿಂದ ಮಳೆ ಅಂತಿದ್ದಾರೆ ಮೇಡಂ, ಬಾಲ್ಕನಿ ಕಾಂಕ್ರೀಟು ಇವತ್ತೇ ಹಾಕಿಬಿಡ್ತೀವಿ, ಮಧ್ಯಾಹ್ನ ಎರಡೂವರೆಗೆ ಲಾರಿ ಬರುತ್ತೆ. ಗಡಿಯಾರ, ಗಡಿಯಾರ ಎಲ್ಲಿ, ಗೋಡೆಯ ಮೇಲಿದೆ, ಎರಡೂ ಮೂವತ್ತೆಂಟು. ಬೆರಳು ಗಾಜಿನ ಮೇಲೆ ಜಾರಿತು, ಮತ್ತೆ ಒತ್ತಿದಳು, ರಿಂಗು, ಎತ್ತು, ರಿಂಗು, ಎತ್ತಪ್ಪ, ಐದನೇ ರಿಂಗಿಗೆ ಅವನ ದನಿ, ದನಿಯ ಹಿಂದೆ ಗುರುಗುರು ಎಂದು ಏನೋ ಅರೆಯುತ್ತಿರುವ ಸದ್ದು. ಹೇಳಿ ಮೇಡಂ, ಮೊದಲನೇ ಲಾರಿ ಬಂತು, ಪೈಪು ಮೇಲೇರಿಸ್ತಾ ಇದ್ದೀವಿ. ಹಾಕಬೇಡಿ. ಏನಂದ್ರಿ. ಹಾಕಬೇಡಿ, ಒಂದು ಬುಟ್ಟಿಯೂ ಹಾಕಬೇಡಿ, ನಿಲ್ಲಿಸಿ. ಏ ತಡೀರೋ, ಪಂಪು ಆಫ್ ಮಾಡಿ, ಎಂದು ಅವನು ಆಚೆ ಕೂಗಿದ್ದು ಕೇಳಿಸಿತು, ಪಂಪಿನ ಸದ್ದು ಇಳಿದು ಸತ್ತಿತು, ಗುರುಗುರು ಮಾತ್ರ ಉಳಿಯಿತು. ಯಾಕೆ ಮೇಡಂ, ಅಂದ.

ಮೆಷಿನ್ನು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ಎರಡು ದಿನದಿಂದ ಅಲ್ಲೇ ಕೂತು ಕೂತು ನುಣ್ಣಗಾಗಿತ್ತು, ಹೇಳಿದ್ದರೆ ಎಷ್ಟು ಸುಲಭವಾಗಿ ಜಾರಿಬಿಡುತ್ತಿತ್ತು, ಮೇಜಿನ ಮೇಲೆ ಮೆಷಿನ್ನು ಪಕ್ಕೆ ತೆರೆದು ಮಲಗಿದೆ, ಅದಕ್ಕೇನು ಬಾಯಿಯೇ, ಪರದೆಯ ಮೇಲೆ ಹದಿನೆಂಟನೇ ಸುತ್ತು ಶುರುವಾಯಿತು, ತಪ್ಪುಗಳು ಸೊನ್ನೆ, ಅಂಗಡಿಯವಳು ನೀರಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಕೇಳಿಸಿಕೊಳ್ಳದವಳ ಹಾಗೆ ಬೇರೆ ಕಡೆ ನೋಡುತ್ತಿದ್ದಾಳೆ. ನನ್ನ ಲೆಕ್ಕ ತಪ್ಪಾಗಿದೆ, ಅಂದಳು ಇವಳು. ಜನರ ಭಾರ ಸೇರಿಸೋದು ಬಿಟ್ಟುಬಿಟ್ಟಿದ್ದೀನಿ. ತಪ್ಪು ನನ್ನದು, ಕಬ್ಬಿಣ ಸಾಲದು. ಬೈಯಲಿ, ಬೈದರೆ ಒಳ್ಳೆಯದು. ಸೂಪರ್‌ವೈಸರ್ ಬೈಯಲಿಲ್ಲ, ಅವನ ಕಷ್ಟ ಬೇರೆ ಇತ್ತು, ಬಾಲ್ಕನಿ ಒಂದೇನಾ ಮೇಡಂ, ಇಲ್ಲ ಹೋದ ವಾರ ಹಾಕಿದ ಮಹಡೀನೂ ಹಾಗೇನಾ, ಎಂದು ಕೇಳಿದ, ಮೆಲ್ಲಗೆ, ಪಕ್ಕದವರಿಗೆ ಕೇಳದಂತೆ. ಫೈಲು ಅದೇ, ಪ್ರಿಂಟು ಅದಲ್ಲ, ಮಹಡಿಯದು ಅದಕ್ಕಿಂತ ವಾರ ಮೊದಲಿನದು, ಗುರುತು ಇತ್ತು, ಇತ್ತೇ, ಇತ್ತೆಂದು ಪ್ರಮಾಣ ಮಾಡಿ ಹೇಳಬಲ್ಲಳೇ, ಮೂರು ವಾರದ ಹಿಂದಿನದರ ಮೇಲೂ ಹೀಗೇ ಪ್ರಮಾಣ ಮಾಡುತ್ತಿದ್ದಳಲ್ಲ. ಬಾಲ್ಕನಿ ಗೊತ್ತು, ಅಂದಳು. ಮಹಡಿದು ಸಂಜೆ ಒಳಗೆ ನೋಡಿ ಹೇಳ್ತೀನಿ, ಅಲ್ಲೀವರೆಗೂ ಯಾರನ್ನೂ ಅದರ ಮೇಲೆ ಬಿಡಬೇಡಿ. ಮತ್ತೆ, ಅಂದ ಅವನು, ಲಾರಿಯಲ್ಲಿರೋದನ್ನ ಏನು ಮಾಡ್ಲಿ. ಬಂದೆ, ಅಂದಳು. ಫೋನು ಇಟ್ಟಮೇಲೆ ಭಾವನಿಗೂ ಮಾಡಿ, ಇದೇ ಮಾತನ್ನು ಇನ್ನೊಂದು ಸಲ ಹೇಳಿದಳು, ಎರಡನೇ ಸಲ ಸುಲಭವಾಗುತ್ತದೆ ಅಂದುಕೊಂಡಿದ್ದಳು, ಆಗಲಿಲ್ಲ. ಭಾವ, ನಿನ್ನೆ ಸಣ್ಣದು ಅಂದೆಯಲ್ಲ, ಅಂದರು, ಅಷ್ಟೇ, ಇಟ್ಟುಬಿಟ್ಟರು. ಅಂಗಡಿಯವಳು ಲೋಟ ಕೊಟ್ಟಳು, ಕುಡಿದಳು, ಹಾಗಾದ್ರೆ ಯಾವುದು ಮಾಡ್ಲಿ ಮೇಡಂ, ಎಡಗಡೆಯದಾ ಬಲಗಡೆಯದಾ ಎಂದು ಆಕೆ ಕೇಳಿದ್ದಕ್ಕೆ ಇವಳು, ಹಳೇದನ್ನೇ ಜೋಡಿಸಿಕೊಡಿ, ಆ ರ‍್ಯಾಮುಗಳನ್ನೇ ಹಾಕಿ, ಧೂಳು ಹೋಯಿತಲ್ಲ, ಸಂಜೆ ಬೇಕು, ಈ ವರ್ಷ ಸಹಿ ಹಾಕಿದ ಎಲ್ಲವನ್ನೂ ಮತ್ತೆ ನೋಡಬೇಕು ನಾನು, ಅಂದಳು, ಹೊಸದರ ಮಾತು ಆಮೇಲೆ. ಅಂಗಡಿಯವಳು ಎರಡೂ ಪಟ್ಟಿಗಳಿದ್ದ ಹಾಳೆಯನ್ನು ಮಡಚಿ ಡ್ರಾಯರಿನಲ್ಲಿಟ್ಟಳು, ಐದಕ್ಕೆ ರೆಡಿ ಇರುತ್ತೆ, ಅಂದಳು.

ಬಿಸಿಲು, ಆಟೋದ ರೆಕ್ಸಿನ್ ಸೀಟು ತೊಡೆಗೆ ಅಂಟುತ್ತದೆ, ಸಿಗ್ನಲ್ಲು, ಮತ್ತೊಂದು ಸಿಗ್ನಲ್ಲು, ಒಂದೊಂದು ಮನೆಯ ಬಾಲ್ಕನಿಯೂ ಇವಳತ್ತ ಚಾಚಿಕೊಂಡಿದೆ, ಒಂದರಲ್ಲಿ ಬಟ್ಟೆ ಒಣಹಾಕಿದ್ದಾರೆ, ಒಂದರಲ್ಲಿ ಅಜ್ಜಿಯೊಬ್ಬಳು ಕಟಕಟೆಗೆ ಮೈ ಚೆಲ್ಲಿ ಬೀದಿ ನೋಡುತ್ತಿದ್ದಾಳೆ, ಎಷ್ಟು ನಂಬಿಕೆಯಿಂದ ಮೈ ಚೆಲ್ಲಿದ್ದಾಳೆ, ಅದನ್ನು ಲೆಕ್ಕ ಹಾಕಿದವರು ಯಾರೋ, ಅವರಿಗೆ ಆ ಹೊತ್ತಿಗೆ ಯಾರೂ ಫೋನು ಮಾಡಿರಲಿಕ್ಕಿಲ್ಲ. ಸೈಟಿನ ಗೇಟಲ್ಲಿ ಇಳಿದಳು. ಗಾರೆಯವರೆಲ್ಲ ಮರಳ ರಾಶಿಯ ಮೇಲೆ ಕೂತಿದ್ದರು, ಇಂಜಿನಿಯರಮ್ಮ ಬಂದರು ಎಂದು ಒಬ್ಬರೂ ಏಳಲಿಲ್ಲ, ಎದ್ದಿದ್ದರೆ ಹೇಗೆ ನೋಡುತ್ತಿದ್ದಳೋ ಅವರ ಮುಖ. ಮೇಲೆ ಹಲಗೆಯ ಅಚ್ಚಿನ ತೆರೆದ ಅಂಚಿನಲ್ಲಿ ಕಬ್ಬಿಣದ ಸರಳು ಬರಿಮೈಯಲ್ಲಿ ಬಿಸಿಲಿಗೆ ಮಿನುಗುತ್ತಿದೆ, ಒಂದು ಸರಳಿಗೂ ಇನ್ನೊಂದಕ್ಕೂ ನಡುವೆ ಅಷ್ಟಗಲ, ಇನ್ನೊಂದು ಸರಳು ಆರಾಮಾಗಿ ಮಲಗುವಷ್ಟು, ಇಲ್ಲಿಂದಲೇ ಕಾಣುತ್ತದೆ, ಮೂರು ವಾರ ಕಾಗದದ ಮೇಲೆ ಯಾಕೆ ಕಾಣಲಿಲ್ಲ. ಸೂಪರ್‌ವೈಸರ್ ಕೆಳಗಿಳಿದು ಬಂದ, ಒಂದು ಹನಿಯೂ ಬಿದ್ದಿಲ್ಲ ಮೇಡಂ, ಅಂದ, ಅವನ ಅಂಗಿ ಬೆನ್ನಿಗೆ ಅಂಟಿತ್ತು. ಲಾರಿಯ ಕಡೆ ಕೈ ತೋರಿಸಿದ, ಕಾಂಕ್ರೀಟ್ ಕಂಪನಿಯವರು ವಾಪಸ್ ತರಬೇಡಿ ಅಂತಾರೆ, ಎಲ್ಲಿ ಸುರಿಯೋದು ಅಂತ ಡ್ರೈವರ್ ಕೇಳ್ತಿದ್ದಾನೆ, ಇನ್ನು ಮುಕ್ಕಾಲು ಗಂಟೆ ಅಷ್ಟೇ ತಡೆಯುತ್ತಂತೆ. ಅದನ್ನಾದ್ರೂ ಆಫ್ ಮಾಡಿಸಿ, ಆ ಸದ್ದು, ಅಂದಳು ಇವಳು. ಆಫ್ ಮಾಡೋ ಹಾಗಿಲ್ಲ ಮೇಡಂ, ಅಂದ, ನಿಲ್ಲಿಸಿದ್ರೆ ಒಳಗೇ ಕಲ್ಲಾಗಿಬಿಡುತ್ತೆ. ಡ್ರೈವರ್ ನೆರಳಲ್ಲಿ ಕುಕ್ಕುರುಗಾಲಲ್ಲಿ ಕೂತು ಇವಳನ್ನೇ ನೋಡುತ್ತಿದ್ದ. ಏನಾದರೂ ಹೇಳಬೇಕು, ಹಿಂದಿನ ಕಾಂಪೌಂಡಿನ ಪಾಯಕ್ಕೆ ಹಾಕಿಸಬಹುದೇ, ಪಾಯ ಅಗೆದಿದೆಯೇ, ಯಾರನ್ನು ಕೇಳುವುದು, ಸಂಜೆಗೆ ಮಹಡಿಯದು, ಐದಕ್ಕೆ ಮೆಷಿನ್ನು, ಭಾವನ ಮುಂದೆ ಹೋಗಿ ನಿಲ್ಲುವುದು, ಯಾವುದು ಮೊದಲು, ಯೋಚನೆ ಒಂದಕ್ಕೊಂದು ಹತ್ತಲಿಲ್ಲ, ಕಣ್ಣು ಮಾತ್ರ ಅಲ್ಲೇ ನೆಟ್ಟಿತು — ಆ ದೊಡ್ಡ ಹೊಟ್ಟೆಯ ಡ್ರಮ್ಮು, ಬೂದುಬಣ್ಣ ಮೆತ್ತಿದ ಹೊಟ್ಟೆ, ಒಳಗೆ ಯಾರಿಗೂ ಬೇಡವಾದ ಆರು ಟನ್ನು, ಒಂದು ಕಡೆ ಮೇಲೇರಿ ಇನ್ನೊಂದು ಕಡೆ ದೊಪ್ಪನೆ ಜಾರಿ ಬೀಳುತ್ತಾ, ಮತ್ತೆ ಮೇಲೇರಿ, ಮತ್ತೆ ಜಾರಿ, ತಿರುಗುತ್ತಿದೆ, ನಿಲ್ಲುವ ಹಾಗಿಲ್ಲ, ತಿರುಗುತ್ತಿದೆ.